ಬಲಬದಿಯ ಮುಚ್ಚಳ

ಮೊದಲು ಮನುಷ್ಯರನ್ನು ಮುಚ್ಚಬೇಕು. ಇದು ಮೇಷ್ಟ್ರು ಮಾಡಿದ ನಿಯಮ. ಹಳೆಯ ಫೋಟೋ ಯಾವುದೇ ಬರಲಿ, ಅದರಲ್ಲಿ ವಿಮಾನದ ಪಕ್ಕ ನಿಂತವರು, ರೆಕ್ಕೆಗೆ ಒರಗಿದವರು, ಚಕ್ರದ ಮೇಲೆ ಒಂದು ಕಾಲಿಟ್ಟು ಮೀಸೆ ತಿರುವುತ್ತಿರುವವರು, ಎಲ್ಲರ ಮೇಲೂ ಕಪ್ಪು ಕಾಗದದ ತುಂಡು ಬೀಳಬೇಕು. ನೋಡುವುದು ಆಮೇಲೆ. ಮುಖ ಕಂಡರೆ ಕನಿಕರ ಹುಟ್ಟುತ್ತದೆ, ಕನಿಕರ ಹುಟ್ಟಿದ ಕಣ್ಣಿಗೆ ವಿಮಾನ ಸರಿಯಾಗಿ ಕಾಣುವುದಿಲ್ಲ ಎಂಬುದು ಅವರ ವಾದ.

ವಾದಕ್ಕೆ ಕಾರಣವೂ ಇತ್ತು. ಹಿಂದೊಮ್ಮೆ ಒಬ್ಬರು ತಮ್ಮ ಚಿಕ್ಕಪ್ಪನ ಫೋಟೋ ತಂದು, ಅವರು ಯುದ್ಧವಿಮಾನ ಹಾರಿಸಿದವರು ಎಂದು ಕಣ್ಣೊರೆಸಿಕೊಂಡಿದ್ದರು. ಚಿಕ್ಕಪ್ಪನ ಠೀವಿ ನೋಡಿ ಮೇಷ್ಟ್ರ ಗುಂಪಿನವರು ಆ ವಿಮಾನಕ್ಕೆ ಒಂದು ಹೆಸರನ್ನೂ ಕೊಟ್ಟು ಕಳಿಸಿದರು. ಅದೇ ವಿಮಾನದ ಮುಂದೆ ಒಂದು ಮದುವೆ ಜೋಡಿ ಮತ್ತು ಒಂದು ನಾಯಿ ಕೂತಿರುವ ಇನ್ನೊಂದು ಫೋಟೋ ಸಿಕ್ಕಾಗಲೇ, ಅದು ಸ್ಟುಡಿಯೋದವರು ಗಿರಾಕಿಗಳಿಗಾಗಿ ಮಾಡಿಸಿಟ್ಟಿದ್ದ ಹಲಗೆಯ ವಿಮಾನ ಎಂದು ತಿಳಿದದ್ದು. ಎತ್ತು ಈಯಿತು ಅಂದರು, ನಾವು ಕೊಟ್ಟಿಗೆಗೆ ಕಟ್ಟಿದೆವು ಎಂದು ಮೇಷ್ಟ್ರು ಈಗಲೂ ಹಣೆ ಚಚ್ಚಿಕೊಳ್ಳುತ್ತಾರೆ.

ಅವರು ಇದ್ದದ್ದೇ ಮೂವರು. ನಿವೃತ್ತರಾದ ಗಣಿತದ ಮೇಷ್ಟ್ರು. ಜೆರಾಕ್ಸ್ ಅಂಗಡಿಯವನು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಅವಳು. ಭಾನುವಾರ ಮಧ್ಯಾಹ್ನ ಅರ್ಧ ಶಟರ್ ಎಳೆದ ಜೆರಾಕ್ಸ್ ಅಂಗಡಿಯಲ್ಲಿ, ಕಾಗದ ತುಂಬಿದ ರಟ್ಟಿನ ಪೆಟ್ಟಿಗೆಗಳ ಮೇಲೆ ಕೂತು, ಯಾರಿಗೂ ಹೆಸರು ಗೊತ್ತಿಲ್ಲದ ಹಳೆಯ ವಿಮಾನಗಳಿಗೆ ಹೆಸರು ಹುಡುಕುವುದು ಅವರ ಹವ್ಯಾಸ. ಅಂಗಡಿಯವನು ಬಾಲ ನೋಡಿಯೇ ಯಾವ ಕಾರ್ಖಾನೆಯ ವಿಮಾನ ಎಂದು ಹೇಳುತ್ತಿದ್ದ, ಹಾಗಾಗಿ ಅವನ ಹೆಸರೇ ಬಾಲ ಎಂದಾಯಿತು. ಅವಳ ಕಣ್ಣು ಮೊದಲು ಚಕ್ರಗಳಿಗೂ ಅವುಗಳ ಕಾಲುಗಳಿಗೂ ಹೋಗುತ್ತಿತ್ತು, ಅವಳು ಚಕ್ರ ಆದಳು. ಬಾಲ ಅದಕ್ಕೆ ಗೌರವ ಸೇರಿಸಿ ಚಕ್ರಮ್ಮ ಎನ್ನುತ್ತಿದ್ದ. ಉಳಿದ ಭಾಗವೆಲ್ಲ ಮೇಷ್ಟ್ರದು. ಮೂವರನ್ನೂ ಸೇರಿಸಿ ಕಟ್ಟಿದರೂ ಒಂದು ವಿಮಾನ ನೆಲ ಬಿಡುವುದಿಲ್ಲ ಎಂದು ಅವಳ ಗಂಡ ತಮಾಷೆ ಮಾಡುತ್ತಿದ್ದ.

ನಿಯಮ ಇನ್ನೊಂದಿತ್ತು. ಮೂವರೂ ಬೇರೆ ಬೇರೆಯಾಗಿ ನೋಡಿ ಒಂದೊಂದು ಗುರುತು ಹೇಳಬೇಕು. ಮೂರು ಗುರುತೂ ಒಂದೇ ಕಡೆ ಬೆರಳು ತೋರಿಸಿದರೆ ಮಾತ್ರ ಹೆಸರು. ಇಲ್ಲದಿದ್ದರೆ ಗೊತ್ತಿಲ್ಲ ಎನ್ನಬೇಕು. ಗೊತ್ತಿಲ್ಲ ಎನ್ನುವುದಕ್ಕೆ ನಾಚಬಾರದು.

ಆ ಭಾನುವಾರ ಅವಳು ತಂದ ಫೋಟೋ ಮನೆಯಲ್ಲೇ ಮುಸುಕು ಹಾಕಿಸಿಕೊಂಡು ಬಂದಿತ್ತು. ಮೂಲ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ, ವಿಮಾನದ ಮುಂದೆ ನಿಂತಿದ್ದ ಹೆಂಗಸನ್ನು ಕಪ್ಪು ಕಾಗದದಿಂದ ತಲೆಯಿಂದ ಕಾಲಿನವರೆಗೆ ಅಂಟಿಸಿ ಮುಚ್ಚಿದ್ದಳು. ಅಂಚಿನಲ್ಲಿ ಒಂದು ಎಳೆ ಸೀರೆಯೂ ಕಾಣದಂತೆ ಎರಡು ಸಲ ಕತ್ತರಿಸಿದ್ದಳು. ಯಾರದು ಎಂದು ಬಾಲ ಕೇಳಿದಾಗ ಗೊತ್ತಿರುವವರದು ಎಂದಷ್ಟೇ ಹೇಳಿದಳು. ಅದು ಸುಳ್ಳಲ್ಲ. ಆದರೂ ಅವನ ಕಣ್ಣು ತಪ್ಪಿಸಿ ಭೂತಗನ್ನಡಿ ಒರೆಸತೊಡಗಿದಳು.

ಮುಚ್ಚಿದ ಹೆಂಗಸು ಅವಳ ಗಂಡನ ಸೋದರತ್ತೆ. ಅವಳೂ ಅತ್ತೆ ಎಂದೇ ಕರೆಯುವುದು. ಮೂರು ಅಂತಸ್ತಿನ ಕಿರಿದಾದ ಮನೆಯಲ್ಲಿ ಕೆಳಗೆ ಭಾವನ ಸಂಸಾರ, ನಡುವೆ ಇವರದು, ಮೇಲಿನ ಒಂಟಿ ಕೋಣೆಯಲ್ಲಿ ಅತ್ತೆ, ಅವರ ಹೊಲಿಗೆ ಯಂತ್ರ, ಎರಡು ಉರಿಯ ಗ್ಯಾಸ್ ಒಲೆ. ಅತ್ತೆ ಮದುವೆಯಾದವರಲ್ಲ. ತಮ್ಮ ಅಡುಗೆ ತಾವೇ ಮಾಡಿಕೊಂಡು, ತಮ್ಮ ಬೀಗ ತಾವೇ ಹಾಕಿಕೊಂಡು, ಬೇಕಾದಾಗ ಹೋಗಿ ಬೇಕಾದಾಗ ಬರುವವರು. ಹರೆಯದಲ್ಲಿ ಅವರು ವಿಮಾನ ರಿಪೇರಿಯ ಶೆಡ್ಡಿನಲ್ಲಿ ಹೊಲಿಗೆಯವರಾಗಿದ್ದರು. ಆಗಿನ ಸಣ್ಣ ವಿಮಾನಗಳ ರೆಕ್ಕೆ ಎಂದರೆ ಮರದ ಅಸ್ಥಿಪಂಜರದ ಮೇಲೆ ಬಿಗಿಯಾಗಿ ಹೊದಿಸಿದ ಬಟ್ಟೆ. ಹರಿದ ಬಟ್ಟೆ ಬಿಚ್ಚಿ ಹೊಸತು ಹೊಲಿಯುವುದು ಅವರ ಕೆಲಸ. ಅಲ್ಲಿ ಒಬ್ಬ ಪೈಲಟ್ ಇದ್ದನಂತೆ. ಹೊಸ ಬಟ್ಟೆ ಹೊದಿಸಿದ ವಿಮಾನವನ್ನು ಮೊದಲ ಸಲ ಹಾರಿಸುವಾಗ, ಅದನ್ನು ಹೊಲಿದವಳೇ ಜೊತೆಗೆ ಹತ್ತಬೇಕು ಎನ್ನುತ್ತಿದ್ದನಂತೆ. ಅವಳು ಹತ್ತಲು ಹೆದರಿದರೆ ಹೊಲಿಗೆಯನ್ನೆಲ್ಲ ಬಿಚ್ಚಿಸುತ್ತಿದ್ದ. ಅತ್ತೆ ಹೆದರಲಿಲ್ಲ. ಹತ್ತಿದರು. ತಾನು ಹೊಲಿದ ರೆಕ್ಕೆಯ ಮೇಲೆ ತಾನೇ ಹಾರಿದೆ ಎಂಬುದು ಅವರ ಜೀವಮಾನದ ಒಂದೇ ಜಂಬ. ಮನೆಯಲ್ಲಿ ಅವರಿಗೆ ವಿಮಾನದತ್ತೆ ಎಂದೇ ಹೆಸರು.

ಭಾವನಿಗೆ ಮೊದಲಿನಿಂದಲೂ ಇದರಲ್ಲಿ ನಂಬಿಕೆಯಿಲ್ಲ. ಫೋಟೋದಲ್ಲಿ ಕೂರುವ ತೂತು ಒಂದೇ ಕಾಣುತ್ತಿದೆ, ಅತ್ತೆ ಕಾಗೆಯ ಹಾಗೆ ರೆಕ್ಕೆ ಮೇಲೆ ಕೂತಿದ್ದರೇನೋ ಎಂದು ಚುಡಾಯಿಸುತ್ತಿದ್ದ. ಅದು ಬರೀ ತಮಾಷೆಯಾಗಿದ್ದಷ್ಟು ದಿನ ಅತ್ತೆಯೂ ನಗುತ್ತಿದ್ದರು. ಆದರೆ ಹೋದ ತಿಂಗಳು ಮೇಲಿನ ಕೋಣೆಯಲ್ಲಿ ಹಾಲು ಉಕ್ಕಿ ಉರಿ ಆರಿ ಗ್ಯಾಸ್ ಸೋರಿತು. ಭಾವ ಬೆಂಕಿ ಆರಿಸುವ ಕೆಂಪು ಸಿಲಿಂಡರುಗಳನ್ನು ಮಾರಿ, ತುಂಬಿಸಿಕೊಡುವ ವ್ಯಾಪಾರದವನು. ಸುಟ್ಟ ಮನೆಗಳನ್ನು ನೋಡಿ ನೋಡಿ ಅವನಿಗೆ ಮೂಗು ಚುರುಕು. ಮೆಟ್ಟಿಲಲ್ಲೇ ವಾಸನೆ ಹಿಡಿದು ಓಡಿ ಹೋಗಿ ಕಿಟಕಿ ತೆರೆದ. ನಾನು ಒಲೆ ಆರಿಸಿದ್ದೆ ಎಂದು ಅತ್ತೆ ಪಟ್ಟು ಹಿಡಿದರು.

"ಆರಿಸಿದ್ದೆ ಅಂತ ನೀವು ಅಂದ್ಕೊಂಡಿದೀರಿ ಅತ್ತೆ," ಎಂದ ಭಾವ. "ವಿಮಾನ ಹತ್ತಿದ್ದೆ ಅಂತ ಅಂದ್ಕೊಂಡಿಲ್ವಾ, ಹಾಗೆ."

ಯಾರೂ ನಗಲಿಲ್ಲ. ಅತ್ತೆ ಗೋಡೆಯಿಂದ ಫೋಟೋ ಇಳಿಸಿ ಅವಳ ಕೈಗೆ ಕೊಟ್ಟರು.

"ನಿನ್ನ ಜನ ನೋಡಲಿ. ನಾನು ಹೇಳಿದ್ದು ಆಗೋದೇ ಇಲ್ಲ ಅಂದ್ರೆ, ನನ್ನ ತಲೆ ಕೆಟ್ಟಿದೆ ಅಂತಲೇ ಅರ್ಥ. ಒಲೇನೂ ಕೊಡ್ತೀನಿ, ಬೀಗದ ಕೈನೂ ಕೊಡ್ತೀನಿ."

ಹೀಗೆ ಆ ಫೋಟೋ ಅಂಗಡಿಗೆ ಬಂದದ್ದು. ಅತ್ತೆಯನ್ನು ಮುಚ್ಚುವಾಗ ತಾನು ನ್ಯಾಯವಾಗಿ ನಡೆಯುತ್ತಿದ್ದೇನೆ ಎಂದೇ ಅವಳು ಅಂದುಕೊಂಡಿದ್ದಳು. ಮುಖ ಕಂಡರೆ ಬಾಲನಾದರೂ ಅಯ್ಯೋ ಪಾಪ ಎಂದು ಎರಡು ಸೀಟು ಹಾಕಿಬಿಟ್ಟಾನು ಎಂಬ ಭಯ.

ಮೂವರೂ ಸರದಿಯಲ್ಲಿ ಭೂತಗನ್ನಡಿ ಹಿಡಿದರು. ಬಾಲ ಮೊದಲೇ ಕಾರ್ಖಾನೆಯ ಹೆಸರು ಹೇಳಿದ. ಆ ಬಾಲದ ದುಂಡು ಇನ್ಯಾರೂ ಮಾಡಲಾರರು. ಚಕ್ರದ ಕಾಲುಗಳೂ ಅದನ್ನೇ ಹೇಳುತ್ತವೆ ಎಂದು ಅವಳೂ ಒಪ್ಪಿದಳು. ಉಳಿದದ್ದು ಒಂದೇ ಪ್ರಶ್ನೆ. ಆ ಕಾರ್ಖಾನೆ ಒಂದೇ ಅಚ್ಚಿನಲ್ಲಿ ಎರಡು ಬಗೆ ಮಾಡಿತ್ತು. ಇವರು ಅವನ್ನು ಅಕ್ಕ, ತಂಗಿ ಎನ್ನುತ್ತಿದ್ದರು. ಅಕ್ಕನಲ್ಲಿ ಪೈಲಟ್ ಒಬ್ಬನಿಗೇ ಜಾಗ. ಅವನ ಮುಂದಿನ ಗೂಡು ಟಪಾಲು ಚೀಲಗಳಿಗೆ, ಅದಕ್ಕೆ ಬಲಬದಿಯಲ್ಲಿ ಒಂದು ಮುಚ್ಚಳ. ತಂಗಿಯಲ್ಲಿ ಅದೇ ಗೂಡಿನಲ್ಲಿ ಒಬ್ಬರು ಮುದುಡಿ ಕೂರುವ ಸೀಟು, ಹತ್ತಲು ಎಡಬದಿಯಲ್ಲಿ ಬಾಗಿಲು. ಜನ ಇಲ್ಲದಾಗ ಆ ಸೀಟಿನ ಮೇಲೆ ತಗಡು ಹಾಕಿಡುತ್ತಿದ್ದರು, ಆದ್ದರಿಂದ ನೆಲದಲ್ಲಿ ನಿಂತಾಗ ಎರಡರಲ್ಲೂ ತೂತು ಒಂದೇ ಕಾಣುತ್ತದೆ. ಮುಚ್ಚಳದ ಅಳತೆಯೂ ಬಾಗಿಲಿನ ಅಳತೆಯೂ ಒಂದೇ. ಎಡವೋ ಬಲವೋ ಅಷ್ಟೇ ವ್ಯತ್ಯಾಸ.

ಫೋಟೋದಲ್ಲಿ ವಿಮಾನದ ಮೂತಿ ಬಲಕ್ಕಿತ್ತು. ಅಂದರೆ ಕಾಣುತ್ತಿದ್ದುದು ಅದರ ಬಲಬದಿ. ಅಲ್ಲಿ ಚೌಕದ ಗೆರೆ ಸ್ಪಷ್ಟವಾಗಿತ್ತು. ಅದು ಮುಚ್ಚಳ, ಇದು ಅಕ್ಕ, ಒಂಟಿ ಸೀಟು ಎಂದರು ಮೇಷ್ಟ್ರು. ಇಷ್ಟು ಅಪರೂಪದ್ದು ಕೈಗೆ ಸಿಕ್ಕಿದ್ದಕ್ಕೆ ಅವರ ಕಿವಿ ಕೆಂಪಾಗಿತ್ತು. ಮೈಮೇಲೆ ಅಕ್ಷರವಾಗಲಿ ಸಂಖ್ಯೆಯಾಗಲಿ ಇಲ್ಲ, ಹೊಸ ಬಟ್ಟೆ ಹೊದಿಸಿದ್ದಾರೆ, ಇನ್ನೂ ಬರೆದಿಲ್ಲ ಎಂದೂ ಸೇರಿಸಿದರು. ಆ ಮಾತು ಅತ್ತೆಯ ಕತೆಗೆ ಹೊಂದುತ್ತದೆ ಎಂದು ಅವಳಿಗೆ ಒಂದು ಕ್ಷಣ ಆಸೆಯಾಯಿತು. ಆಸೆಪಟ್ಟದ್ದಕ್ಕೆ ತನ್ನನ್ನೇ ಗದರಿಕೊಂಡಳು. ಮೂರು ಗುರುತೂ ಒಂದಾಗಿದ್ದವು.

ಮನೆಗೆ ಬಂದು ಅದನ್ನು ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಪದ ಹುಡುಕಿದಳು. ಮೆದುವಾಗಿ ಹೇಳಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಾಗುತ್ತದೆ. ನೇರವಾಗಿ ಹೇಳಿದರೆ ಮುದುಕಿಯ ಎದೆಗೆ ಒದ್ದ ಹಾಗೆ. ಕೊನೆಗೆ ನೇರವಾಗಿಯೇ ಹೇಳಿದಳು. ಅವಳ ಗಂಡ ಡ್ರೈವಿಂಗ್ ಕಲಿಸುವವನು. ಮನೆಯಲ್ಲಿ ಮಾತು ಬಿಸಿಯಾದಾಗಲೆಲ್ಲ ಅವನ ಬಲಗಾಲು ತಾನಾಗಿ ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಆ ಸಂಜೆ ಅವನು ನೆಲ ಒತ್ತುತ್ತಲೇ ಇದ್ದ. ಭಾವ ಗೆದ್ದವನ ಹಾಗೆ ನಗಲಿಲ್ಲ. ಅತ್ತೆ ಹೇಳಿದ ಮಾತಿಗೆ ತಪ್ಪಲಿಲ್ಲ. ಸೊಂಟದಿಂದ ಕೀಲಿ ತೆಗೆದು ಮೇಜಿನ ಮೇಲಿಟ್ಟರು. ಮರುದಿನ ಒಲೆ ಕೆಳಗಿಳಿದು ಮೆಟ್ಟಿಲ ಕೆಳಗಿನ ಗೂಡು ಸೇರಿತು.

ಅಷ್ಟಕ್ಕೇ ನಿಂತಿದ್ದರೆ ಅವಳು ಹೇಗೋ ಸಹಿಸುತ್ತಿದ್ದಳೇನೋ. ಆದರೆ ಅತ್ತೆ ಈಗ ತಮ್ಮನ್ನೇ ಅನುಮಾನಿಸತೊಡಗಿದರು. ಬಾಗಿಲು ಎಳ್ಕೊಂಡು ಬಂದ್ನಾ, ಸ್ವಲ್ಪ ನೋಡು ಎನ್ನುತ್ತಿದ್ದರು. ಅವಳು ಹತ್ತಿ ಹೋಗಿ ನೋಡಿದರೆ ಬಾಗಿಲು ಎಳೆದೇ ಇರುತ್ತಿತ್ತು. ಮಾತ್ರೆ ನುಂಗಿದ ಮೇಲೆ ನುಂಗಿದೆನಾ ಎಂದು ಕೇಳುತ್ತಿದ್ದರು. ಪಕ್ಕದ ಮನೆಯವರ ರವಿಕೆ ಹೊಲಿದು, ಬಿಚ್ಚಿ, ಮತ್ತೆ ಹೊಲಿದರು. ಭಾವನ ಹೆಂಡತಿ ಒಮ್ಮೆ ತೀರಿಹೋದ ನೆಂಟರೊಬ್ಬರ ವಿಷಯ ಎತ್ತಿದಾಗ, ಅತ್ತೆ ಅವರು ಸತ್ತದ್ದು ಬೇಸಿಗೆಯಲ್ಲಿ ಎಂದು ಶುರು ಮಾಡಿ, ನಂಗೇನು ಗೊತ್ತಮ್ಮ, ನನ್ನ ಮಾತು ಲೆಕ್ಕಕ್ಕೆ ಹಿಡೀಬೇಡಿ ಎಂದು ಸುಮ್ಮನಾದರು. ಅವಳು ಅರ್ಧ ಊಟಕ್ಕೇ ಎದ್ದಳು. ನಮ್ಮ ಮೂರು ಗುರುತು ಸರಿಯಿದ್ದರೆ ಇವರು ಇಷ್ಟು ವರ್ಷ ಸುಳ್ಳನ್ನೇ ನಂಬಿದ್ದರು. ಸರಿಯಿಲ್ಲದಿದ್ದರೆ, ತಲೆ ನೆಟ್ಟಗಿರುವ ಹೆಂಗಸಿನ ತಲೆಯನ್ನು ನಾನೇ ಕೆಡಿಸುತ್ತಿದ್ದೇನೆ. ಎರಡರ ನಡುವೆ ಅವಳು ಕೂತಲ್ಲಿ ಕೂರಲಾರದೆ, ನಿಂತಲ್ಲಿ ನಿಲ್ಲಲಾರದೆ ಓಡಾಡಿದಳು.

ಮುಂದಿನ ವಾರದ ಬುಧವಾರ ಆಸ್ಪತ್ರೆಯಲ್ಲಿ ಒಂದು ಗಲಾಟೆಯಾಯಿತು. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಒಂದು ಮಣಿಕಟ್ಟಿನ ಎಕ್ಸ್‌ರೇ ತೆಗೆದಿದ್ದಳು. ಎಡ, ಬಲ ಎಂದು ತೋರಿಸಲು ಪಕ್ಕದಲ್ಲಿಡುವ ಸೀಸದ ಗುರುತನ್ನು ಇಟ್ಟಿರಲಿಲ್ಲ. ಯಾವ ಕೈ ಎಂದು ಡಾಕ್ಟರು ಫೋನು ಮಾಡಿ ಕೇಳುತ್ತಿದ್ದರು. ಹೆಬ್ಬೆರಳು ಈ ಕಡೆ ಇದೆಯಲ್ಲ ಅಕ್ಕ, ಎಡಗೈ ಇರಬೇಕು ಎಂದಳು ಹುಡುಗಿ. ಅದಕ್ಕೆ ಅವಳು, ಹೊಸಬರಿಗೆ ದಿನಕ್ಕೆ ಹತ್ತು ಸಲ ಹೇಳುವ ಮಾತನ್ನೇ ಹೇಳಿದಳು.

"ಗುರುತು ಇಲ್ಲದ ಚಿತ್ರಕ್ಕೆ ಎಡಬಲ ಇಲ್ಲ ಕಣೆ. ತಿರುಗಿಸಿಟ್ರೆ ಅದೇ ಬಲಗೈ. ಹೋಗಿ ಆ ಮನುಷ್ಯನನ್ನೇ ನೋಡು, ಯಾವ ಕೈ ಊದಿದೆ ಅಂತ."

ಹೇಳಿ ಮುಗಿಸುವಷ್ಟರಲ್ಲಿ ಅವಳಿಗೆ ಅತ್ತೆಯ ಫೋಟೋ ನೆನಪಾಯಿತು. ಆ ವಿಮಾನದ ಮೇಲೂ ಒಂದು ಅಕ್ಷರ ಇರಲಿಲ್ಲ. ನೆಗೆಟಿವನ್ನು ಮಗುಚಿಟ್ಟು ಮುದ್ರಿಸಿದರೆ ಎಡ ಬಲವಾಗುತ್ತದೆ ಎಂದು ಅವರ ಗುಂಪಿಗೆ ಗೊತ್ತಿಲ್ಲದ್ದೇನಲ್ಲ. ಅಕ್ಷರ ಉಲ್ಟಾ ಇದೆಯೇ ಎಂದು ಪ್ರತಿ ಸಲ ನೋಡುತ್ತಿದ್ದರು. ಈ ಸಲ ನೋಡಲು ಅಕ್ಷರವೇ ಇಲ್ಲದ್ದರಿಂದ ನೋಡಲೇ ಇಲ್ಲ. ಆ ಚಿತ್ರದಲ್ಲಿ ಎಡಬಲ ಹೇಳಬಲ್ಲವರು ಒಬ್ಬರೇ ಇದ್ದರು. ಅವರನ್ನು ಅವಳೇ ಕತ್ತರಿ ಹಿಡಿದು ಒಪ್ಪವಾಗಿ ಮುಚ್ಚಿದ್ದಳು.

ಊಟದ ಬಿಡುವಿನಲ್ಲಿ ಮನೆಗೆ ಓಡಿದಳು. ಮೂಲ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ಮೊದಲ ಸಲ ವಿಮಾನ ಬಿಟ್ಟು ಅತ್ತೆಯನ್ನು ನೋಡಿದಳು. ಸಣ್ಣ ಹುಡುಗಿ, ಸೆರಗನ್ನು ಎರಡೂ ಹೆಗಲಿಗೆ ಹೊದ್ದು ತುದಿಯನ್ನು ಸೊಂಟಕ್ಕೆ ಸಿಕ್ಕಿಸಿದ್ದಳು, ಅದು ಯಾವ ಹೆಗಲಿನದೆಂದು ತಿಳಿಯುವಂತಿರಲಿಲ್ಲ. ಒಂದು ಅಂಗೈಗೆ ಚರ್ಮದ ಪಟ್ಟಿ ಕಟ್ಟಿಕೊಂಡಿದ್ದಳು, ದಪ್ಪ ಬಟ್ಟೆಯಲ್ಲಿ ಸೂಜಿ ತಳ್ಳುವಾಗ ಅಂಗೈ ತೂತಾಗದಿರಲು. ಪಟ್ಟಿ ಎಡಗೈಯಲ್ಲಿತ್ತು. ಅತ್ತೆ ಸೂಜಿ ಹಿಡಿಯುವುದು ಬಲಗೈಯಲ್ಲಿ.

ಮೇಲೆ ಹತ್ತಿ ಹೋಗಿ, ಆ ಪಟ್ಟಿಯನ್ನು ಯಾವ ಕೈಗೆ ಕಟ್ಟುತ್ತಿದ್ದಿರಿ ಎಂದು ಕೇಳಿದಳು. ಅತ್ತೆ ತಮ್ಮ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೋಡಿದರು. ಬಲಗೈ ಸ್ವಲ್ಪ ಮೇಲೆದ್ದಿತು, ಮತ್ತೆ ಕೆಳಗಿಳಿಯಿತು.

"ನನ್ನ ಕೇಳ್ಬೇಡ ಮಗಳೇ. ನಾನು ಏನಾದ್ರೂ ಹೇಳಿ, ಅದೂ ತಪ್ಪಾದ್ರೆ?"

ಅವಳು ಒತ್ತಾಯಿಸಲಿಲ್ಲ. ಅತ್ತೆಯ ಎಡಹುಬ್ಬಿನಲ್ಲಿ ಒಂದು ಸೀಳಿತ್ತು. ಚಿಕ್ಕಂದಿನಲ್ಲಿ ಬಾಗಿಲ ಮೂಲೆ ತಾಗಿ ಆದದ್ದು, ಅಲ್ಲಿ ಕೂದಲು ಬೆಳೆದಿರಲಿಲ್ಲ. ಭೂತಗನ್ನಡಿ ಹಿಡಿದರೆ ಫೋಟೋದ ಹುಡುಗಿಗೂ ಸೀಳು ಕಂಡಿತು, ಬಲಹುಬ್ಬಿನಲ್ಲಿ. ಅದನ್ನು ತೋರಿಸಿದಾಗ ಅತ್ತೆಗೆ ಅರ್ಥವಾಗಲಿಲ್ಲ. ಸರಿಯಾಗೇ ಇದೆಯಲ್ಲ, ಕನ್ನಡೀಲಿ ನಾನು ಹೀಗೇ ಕಾಣೋದು ಎಂದರು. ಅದಕ್ಕೇ ಇಷ್ಟು ವರ್ಷ ಅವರ ಕಣ್ಣಿಗೂ ಅದು ತಪ್ಪಾಗಿ ಕಂಡಿರಲಿಲ್ಲ. ಉಳಿದವರು ಗೋಡೆಯ ಮೇಲಿನ ಉಗುರಷ್ಟು ಮುಖವನ್ನು ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ.

ಆಸ್ಪತ್ರೆಗೆ ಫೋನು ಮಾಡಿ ಅರ್ಧ ದಿನ ರಜೆ ಕೇಳಿ, ಜೆರಾಕ್ಸ್ ಅಂಗಡಿಗೆ ನಡೆದಳು. ಗಿರಾಕಿಗಳ ಸಾಲಿತ್ತು. ಬಾಲ ಅವಳ ಮುಖ ನೋಡಿದವನೇ ಯಾರೋ ಸತ್ತರೆಂದು ತಿಳಿದು, ಅರ್ಧ ಮುದ್ರಿಸಿದ ಅರ್ಜಿಯನ್ನು ಯಂತ್ರದಲ್ಲೇ ಬಿಟ್ಟು ಹೊರಗೆ ಬಂದ. ಪಕ್ಕದ ಓಣಿಯಿಂದ ಮೇಷ್ಟ್ರನ್ನೂ ಕರೆಸಿದರು. ಅವಳು ಎಲ್ಲವನ್ನೂ ಹೇಳಿದಳು. ಅತ್ತೆ ಯಾರು, ಒಲೆ ಏನಾಯಿತು, ಕೀಲಿ ಎಲ್ಲಿದೆ, ಎಲ್ಲ. ಬಾಲ ಫೋಟೋವನ್ನು ಯಂತ್ರದ ಗಾಜಿನ ಮೇಲಿಟ್ಟು ಕನ್ನಡಿ ಪ್ರತಿ ತೆಗೆದ. ಬಿಸಿ ಕಾಗದದಲ್ಲಿ ವಿಮಾನದ ಮೂತಿ ಎಡಕ್ಕೆ ತಿರುಗಿತ್ತು. ಚೌಕದ ಗೆರೆ ಈಗ ಎಡಬದಿಯಲ್ಲಿತ್ತು.

ಮೇಷ್ಟ್ರು ಅದನ್ನು ಬಹಳ ಹೊತ್ತು ನೋಡಿದರು. ಗಿರಾಕಿಯೊಬ್ಬ ನನ್ನ ಅರ್ಜಿ ಎಲ್ಲಿ ಎಂದು ಎರಡು ಸಲ ಕೇಳಿ, ಯಾರೂ ಉತ್ತರಿಸದೆ ಹೋದಾಗ ತಾನೇ ಯಂತ್ರದಿಂದ ಎಳೆದುಕೊಂಡ.

"ಪಂಖ," ಎಂದರು ಮೇಷ್ಟ್ರು ಕೊನೆಗೆ. "ಮೂತಿಯಲ್ಲಿ ತಿರುಗೋ ಪಂಖದ ಅಲಗಿನ ತಿರುಚು ಅವತ್ತೇ ನಂಗೆ ಸರಿ ಕಾಣ್ಲಿಲ್ಲ. ಆ ಎಂಜಿನ್ನಿಗೆ ಅದು ಈ ಕಡೆ ತಿರುಚಿರಬೇಕು. ಯಾರೋ ಬೇರೆ ಎಂಜಿನ್ ಹಾಕಿರಬೇಕು ಅಂತ ನಂಗೆ ನಾನೇ ಸಮಾಧಾನ ಹೇಳ್ಕೊಂಡೆ. ಈಗ ನೋಡಿ, ಸರಿಯಾಗಿದೆ."

ನಮಗೆ ಹೇಳಬಾರದಿತ್ತೇ ಎಂದು ಬಾಲ ಕೇಳಲಿಲ್ಲ. ಹಾಗಾದರೆ ಇದು ತಂಗಿ, ಎರಡು ಸೀಟು, ಅಜ್ಜಿ ಹಾರಿದ್ದು ನಿಜ, ನಡೀರಿ ಹೋಗಿ ಹೇಳೋಣ ಎಂದು ಶಟರಿಗೆ ಕೈ ಹಾಕಿದ. ಮೇಷ್ಟ್ರು ತಡೆದರು.

"ತಂಗಿ ಅನ್ನೋದು ನಿಜ. ಅವರು ಹಾರಿದ್ದು ಈ ಫೋಟೋದಲ್ಲಿ ಇಲ್ಲಪ್ಪ. ಕೂರೋಕೆ ಜಾಗ ಇತ್ತು, ಅಷ್ಟೇ. ಒಂದು ಸಲ ಹೆಚ್ಚಿಗೆ ಹೇಳಿ ಕೆಡಿಸಿದೀವಿ. ಮತ್ತೆ ಹೆಚ್ಚಿಗೆ ಹೇಳೋದು ಬೇಡ."

ತಾವೇ ಬಂದು ನಿಮ್ಮ ಭಾವನಿಗೆ ತಪ್ಪೊಪ್ಪಿಕೊಳ್ಳಲೇ ಎಂದು ಆಮೇಲೆ ಕೇಳಿದರು. ಬೇಡ ಎಂದಳು. ಮುಚ್ಚಿದವಳು ತಾನು, ತೆರೆಯುವುದೂ ತಾನೇ ಆಗಬೇಕು ಎನಿಸಿತು. ಬಾಲ ಅಂಗಡಿ ಬಾಗಿಲವರೆಗೆ ಬಂದು, ಚಕ್ರಮ್ಮ, ನನ್ನ ಬಾಲದಲ್ಲಂತೂ ತಪ್ಪಿಲ್ಲ ತಾನೆ ಎಂದು ಮೆಲ್ಲಗೆ ಕೇಳಿದ. ಅವನಿಗೂ ಹೆದರಿಕೆ ಹತ್ತಿತ್ತು. ಅವಳಿಗೆ ಆ ದಿನದಲ್ಲಿ ಮೊದಲ ಸಲ ನಗು ಬಂತು.

ಸಂಜೆ ಭಾವ ಕೆಳಗಿನ ಕೋಣೆಯಲ್ಲಿ ಸಿಲಿಂಡರುಗಳ ಒತ್ತಡದ ಮುಳ್ಳು ಪರೀಕ್ಷಿಸುತ್ತ ಕೂತಿದ್ದ. ಅವಳು ಎರಡು ಕಾಗದಗಳನ್ನೂ ಮುಂದಿಟ್ಟಳು. ಹುಬ್ಬು, ಚರ್ಮದ ಪಟ್ಟಿ, ಪಂಖ, ಬಾಗಿಲು, ಒಂದೊಂದಾಗಿ ತೋರಿಸಿದಳು. ಅವಳ ಗಂಡ ಬಾಗಿಲಲ್ಲಿ ನಿಂತು ಕಾಲು ಒತ್ತುತ್ತಿದ್ದ. ಭಾವ ಪೂರ್ತಿ ಕೇಳಿದ.

"ಸರಿಯಮ್ಮ, ಸೀಟಿತ್ತು ಅಂತಾಯ್ತು. ಸೀಟಿತ್ತು ಅಂದ ಮಾತ್ರಕ್ಕೆ ಇವರು ಕೂತ್ರು ಅಂತಾನಾ?"

ಹೌದು ಎಂದುಬಿಟ್ಟರೆ ಮುಗಿಯುತ್ತಿತ್ತು. ಭಾವ ಎದ್ದು ಒಲೆ ತಂದುಕೊಡುತ್ತಿದ್ದನೇನೋ. ನಾಲಗೆಯ ತುದಿಗೆ ಬಂದ ಆ ಮಾತನ್ನು ಅವಳು ಕಷ್ಟಪಟ್ಟು ಹಿಂದಕ್ಕೆಳೆದಳು.

"ಇಲ್ಲ ಭಾವ. ಅದು ನಮಗೆ ಗೊತ್ತಿಲ್ಲ. ಆದ್ರೆ ಅವರು ಹೇಳಿದ್ದು ಆಗೋದೇ ಇಲ್ಲ ಅಂತ ನಾನು ಹೇಳಿದ್ನಲ್ಲ, ಅದು ತಪ್ಪು. ಅವರು ಒಲೆ ಕೊಟ್ಟಿದ್ದು ನನ್ನ ಆ ಮಾತಿನ ಮೇಲೆ."

ಹಾಲು ಉಕ್ಕಿದ್ದು ಸುಳ್ಳಲ್ಲವಲ್ಲ ಎಂದ ಭಾವ. ಸುಳ್ಳಲ್ಲ, ಹೋದ ವಾರ ಇಲ್ಲೇ ಕೆಳಗೆ ಅಕ್ಕನ ಒಲೆಯ ಮೇಲೂ ಉಕ್ಕಿತು, ಅವರ ಕೀಲಿಯನ್ನು ಯಾರೂ ಕೇಳಲಿಲ್ಲ ಎಂದಳು. ಒಳಗಿನಿಂದ ಭಾವನ ಹೆಂಡತಿ, ನನ್ನನ್ಯಾಕೆ ಎಳೀತೀಯೇ ಇದಕ್ಕೆ ಎಂದರು. ಆದರೆ ದನಿಯಲ್ಲಿ ಕೋಪವಿರಲಿಲ್ಲ. ಭಾವ ಕೈಯಲ್ಲಿದ್ದ ಸಿಲಿಂಡರನ್ನು ಕೆಳಗಿಟ್ಟ. ಆಮೇಲೆ ಎದ್ದು, ಮೇಜಿನ ಖಾನೆಯಿಂದ ಅತ್ತೆಯ ಕೀಲಿ ತೆಗೆದ. ಗೋಡೆಯ ಬದಿಯಿಂದ ಬೆಂಕಿ ಆರಿಸುವ ಒಂದು ಸಣ್ಣ ಕೆಂಪು ಸಿಲಿಂಡರ್ ಎತ್ತಿ ತಮ್ಮನ ಕೈಗೆ ಕೊಟ್ಟ. ಒಲೆ ಮೇಲೆ ಹೋಗುವುದಾದರೆ ಇದೂ ಹೋಗಬೇಕು, ಬಾಗಿಲ ಪಕ್ಕ ನೇತುಹಾಕಬೇಕು, ಬಳಸುವುದು ಹೇಗೆಂದು ಅತ್ತೆ ತನ್ನ ಕಣ್ಣೆದುರು ಮಾಡಿ ತೋರಿಸಬೇಕು ಎಂದ.

ಆದರೆ ಮೇಲೆ ಅತ್ತೆ ಕೀಲಿ ಮುಟ್ಟಲಿಲ್ಲ. ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ಯಂತ್ರಕ್ಕೆ ದಾರ ಏರಿಸಿರಲಿಲ್ಲ. ಅವಳು ಕೆಳಗೆ ನಡೆದದ್ದನ್ನೆಲ್ಲ ಹೇಳಿ ಕೀಲಿಯನ್ನು ಮಡಿಲಲ್ಲಿಟ್ಟರೆ, ಅದನ್ನು ತೆಗೆದು ಯಂತ್ರದ ಹಲಗೆಯ ಮೇಲಿಟ್ಟರು.

"ಬೇಡ. ಕೆಳಗಿನ ಊಟಾನೇ ಸಾಕು. ನಂಗೇ ಈಗ ಗೊತ್ತಾಗ್ತಿಲ್ಲ. ಹಾರಿದ್ನೋ, ಹಾರಿದೆ ಅಂತ ಹೇಳ್ತಾ ಹೇಳ್ತಾ ಹಾಗಾಯ್ತೋ. ನೀನು ಓದಿಕೊಂಡವಳು, ಇದನ್ನೇ ನೋಡ್ತಾ ಇರೋಳು. ನೀನೇ ಹೇಳು. ನಾನು ಹಾರಿದ್ನಾ?"

ಅವಳಿಗೆ ಅಲ್ಲಿಂದ ಓಡಿಹೋಗುವಂತಾಯಿತು. ಹಾರಿದಿರಿ ಎಂದರೆ ಈ ಹೆಂಗಸು ನಂಬುತ್ತಾರೆ. ಹೋದ ವಾರ ಇಲ್ಲ ಎಂದದ್ದನ್ನೂ ಹಾಗೇ ನಂಬಿದ್ದರು. ಇನ್ನು ಮುಂದೆ ಎಲ್ಲವನ್ನೂ ತನ್ನನ್ನೇ ಕೇಳುತ್ತಾರೆ, ಬಾಗಿಲು ಎಳೆದೆನಾ, ಮಾತ್ರೆ ನುಂಗಿದೆನಾ, ಬದುಕಿದೆನಾ ಎಂದು. ಅವಳು ನೆಲದ ಮೇಲೆ ಕೂತಳು.

"ನಂಗೊತ್ತಿಲ್ಲ ಅತ್ತೆ. ಅಲ್ಲಿದ್ದದ್ದು ನೀವು. ಮೇಲಿಂದ ಏನು ಕಾಣಿಸ್ತು, ಅದನ್ನ ಹೇಳಿ."

ಎಂದೂ ಯಾರೂ ಅದನ್ನು ಕೇಳಿರಲಿಲ್ಲ. ಹಾರಿದರೋ ಇಲ್ಲವೋ ಎಂಬ ಜಗಳದಲ್ಲೇ ಎಲ್ಲರಿಗೂ ವಯಸ್ಸಾಗಿತ್ತು. ಅತ್ತೆ ಹೊಲಿಗೆ ಯಂತ್ರದ ಚಕ್ರವನ್ನು ಹಿಂದೆ ಮುಂದೆ ತಿರುಗಿಸಿದರು. ಮನೆಗಳು ಬೆಂಕಿಪೊಟ್ಟಣದ ಹಾಗೆ, ನದಿ ದಾರದ ಹಾಗೆ ಎಂದು ಏನಾದರೂ ಹೇಳುತ್ತಾರೆ, ಯಾರು ಬೇಕಾದರೂ ಹೇಳಬಹುದಾದದ್ದು ಎಂದು ಅವಳು ಒಳಗೊಳಗೇ ಅಂಜಿದಳು.

"ಏನೂ ಕಾಣಿಸ್ಲಿಲ್ಲ," ಎಂದರು ಅತ್ತೆ. ತುಸು ನಾಚಿದ ಹಾಗಿತ್ತು. "ನಾನು ಕೆಳಗೆ ನೋಡ್ಲೇ ಇಲ್ಲ. ರೆಕ್ಕೆ ಬುಡದ ಹತ್ರ ನಂಗೆ ದಾರ ಕಮ್ಮಿ ಬಿದ್ದಿತ್ತು. ಶೆಡ್ಡಿನ ಮೇಸ್ತ್ರಿಗೆ ಹೇಳದೆ ಗಂಟು ಹಾಕಿ ಮುಂದೆ ಹೊಲಿದಿದ್ದೆ. ಗಂಟು ಹಾಕ್ಬಾರ್ದು ಅಲ್ಲಿ. ಏರಿದಾಗಿಂದ ಇಳಿಯೋವರೆಗೂ ಆ ಗಂಟನ್ನೇ ನೋಡ್ತಾ ಕೂತಿದ್ದೆ. ಗಾಳಿಗೆ ಅದರ ಬಾಲ ಅಲ್ಲಾಡ್ತಿತ್ತು. ಪೈಲಟ್ ಹಿಂದಿನಿಂದ ಏನೋ ಕಿರುಚಿದ, ಹೇಗಿದೆ ಅಂತ ಕೇಳಿರ್ಬೇಕು. ನಾನು ಅವನ ಕಡೇನೂ ನೋಡ್ಲಿಲ್ಲ. ಕಣ್ಣು ತೆಗೆದ್ರೆ ಬಿಚ್ಕೊಳುತ್ತೆ ಅಂತ."

ಹೇಳುತ್ತ ಹೇಳುತ್ತ ಅವರ ಬಲಗೈಯ ಹೆಬ್ಬೆರಳೂ ತೋರುಬೆರಳೂ ಇಲ್ಲದ ದಾರವನ್ನು ಬಿಗಿದು ಹಿಡಿದಿದ್ದವು.

ಅವಳಿಗೆ ಗೊತ್ತಿತ್ತು, ಇದು ಗುರುತಲ್ಲ. ಭಾನುವಾರ ಭೂತಗನ್ನಡಿಯ ಕೆಳಗಿಟ್ಟು ತೋರಿಸಲು ಬರುವುದಿಲ್ಲ, ಮೇಷ್ಟ್ರು ಒಪ್ಪುವುದಿಲ್ಲ. ಆದರೂ ಜಂಬಕ್ಕೆ ಕತೆ ಕಟ್ಟುವವರು ಆಕಾಶ ಕಟ್ಟುತ್ತಾರೆ, ಮೋಡ ಕಟ್ಟುತ್ತಾರೆ. ಆಕಾಶದಲ್ಲಿ ಕೂತು ತಾವೇ ಹಾಕಿದ ಒಂದು ಕೆಟ್ಟ ಗಂಟನ್ನು ಕಟ್ಟುವುದಿಲ್ಲ.

"ಬಿಚ್ಕೊಳ್ತಾ?" ಎಂದಳು.

"ಬಿಚ್ಕೊಂಡಿದ್ರೆ ನಿನ್ನ ಮುಂದೆ ಕೂತಿರ್ತಿದ್ನಾ," ಎಂದರು ಅತ್ತೆ, ಸ್ವಲ್ಪ ಸಿಡುಕಿನಿಂದಲೇ. "ಇಳಿದ ಮೇಲೆ ನಾನೇ ಹೋಗಿ ಮೇಸ್ತ್ರಿಗೆ ಹೇಳಿದೆ. ಆ ಸಾಲು ಪೂರ್ತಿ ಬಿಚ್ಚಿಸಿದ. ಕತ್ತೆ ಅಂತ ಬೈದ. ಬೈಸ್ಕೊಂಡೆ."

ಬೈಸಿಕೊಂಡದ್ದು ನೆನಪಾದ ಮೇಲೆ ಅವರ ಬೆನ್ನು ನೆಟ್ಟಗಾಗಿತ್ತು. ಆ ಮೇಸ್ತ್ರಿಯ ಹಲ್ಲು, ಅವನ ಬೀಡಿಯ ವಾಸನೆ, ಶೆಡ್ಡಿನ ಬಾಗಿಲು ತುಕ್ಕು ಹಿಡಿದು ಅರ್ಧಕ್ಕೇ ನಿಲ್ಲುತ್ತಿದ್ದುದು, ಒಂದೊಂದಾಗಿ ಬಂದವು. ಯಾವುದಕ್ಕೂ ಅವರು ಅವಳ ಮುಖ ನೋಡಿ ಹೌದೇ ಎಂದು ಕೇಳಲಿಲ್ಲ. ಮಾತಿನ ನಡುವೆ ಒಮ್ಮೆ, ಯಂತ್ರದ ಹಲಗೆಯ ಮೇಲಿದ್ದ ಕೀಲಿಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಅವಳು ಕೆಳಗಿಳಿದು ಗಂಡನನ್ನು ಕರೆದಳು. ಅವನು ಮೆಟ್ಟಿಲ ಕೆಳಗಿನಿಂದ ಒಲೆ ಹೊತ್ತು ತಂದು, ರಬ್ಬರ್ ಕೊಳವೆ ಸಿಕ್ಕಿಸಿ, ಕ್ಲಿಪ್ ಬಿಗಿದ. ಭಾವನೂ ಹಿಂದೆಯೇ ಬಂದು ಸಿಲಿಂಡರ್ ನೇತುಹಾಕಲು ಗೋಡೆ ಅಳೆಯತೊಡಗಿದ. ಸೋರುತ್ತಿದೆಯೇ ಎಂದು ನೋಡಲು ಅತ್ತೆ ತಾವೇ ಬಟ್ಟಲಲ್ಲಿ ಸಾಬೂನಿನ ನೀರು ಕಲಸಿ, ಕೊಳವೆಯ ಕೂಡಿಗೆಗೆ ಬೆರಳಿಂದ ಬಳಿದರು. ನಾಲ್ವರೂ ಬಗ್ಗಿ ನೋಡಿದರು. ಗುಳ್ಳೆ ಏಳಲಿಲ್ಲ.

ಸರಿಯಾಗಿದೆ ಎಂದ ಗಂಡ.

"ತಡಿ," ಎಂದು ಅತ್ತೆ ಇನ್ನೊಂದು ಬದಿಗೂ ನೀರು ಬಳಿದರು. ಅವಳೂ ಇನ್ನಷ್ಟು ಬಗ್ಗಿ, ಉಸಿರು ಹಿಡಿದು ನೋಡಿದಳು.